‘ಟಿನ್ ಕಪ್’ ಸಿನಿಮಾದ ಕೊನೆ: ಆ ಮನುಷ್ಯನಿಗೆ ಬುದ್ಧಿ ಬೇಡ್ವಾ?

ಕಡೇಸಾಲು:

ನಿನ್ನೆ ರಾತ್ರಿ ತಂಗಿಯ ಜೊತೆ ಕೂತು ‘ಟಿನ್ ಕಪ್’ ನೋಡಿದೆ. 1996ರ ಸಿನಿಮಾ, ಕೆವಿನ್ ಕಾಸ್ಟ್ನರ್ ಹೀರೊ. ಗಾಲ್ಫ್ ಬಗ್ಗೆ ನನಗೆ ಗೊತ್ತಿರುವುದು ಸೊನ್ನೆ. ಟಿವಿಯಲ್ಲಿ ಹಸಿರು ಹುಲ್ಲು ಕಂಡು ಪಿಸುಮಾತಿನ ಕಾಮೆಂಟರಿ ಕೇಳಿದರೆ ಚಾನೆಲ್ ಬದಲಾಯಿಸುವ ಜಾತಿ ನಾನು. ಆದರೂ ಈ ಸಿನಿಮಾ ಹಿಡಿದು ಕೂರಿಸಿತು. ಕೊನೆಯ ಹತ್ತು ನಿಮಿಷಕ್ಕೆ ಬರುವಷ್ಟರಲ್ಲಿ ಮಾತ್ರ ಸಿಟ್ಟು ನೆತ್ತಿಗೇರಿ, ರಿಮೋಟ್ ಎಸೆಯುವುದೊಂದು ಬಾಕಿ ಇತ್ತು.

ನೋಡದೇ ಇರುವವರು ಇಲ್ಲಿಗೇ ನಿಲ್ಲಿಸಿ, ಕೊನೆ ಹೇಳಿಬಿಡುತ್ತೇನೆ.

ರಾಯ್ ಮೆಕವಾಯ್ ಅಂತ ಒಬ್ಬ. ಪಶ್ಚಿಮ ಟೆಕ್ಸಾಸಿನ ಒಣ ಬಯಲಲ್ಲಿ ಹಾಳು ಸುರಿಯುವ ಒಂದು ಡ್ರೈವಿಂಗ್ ರೇಂಜ್ (ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಬಯಲು) ಇಟ್ಟುಕೊಂಡು, ಬಿಯರ್ ಕುಡಿಯುತ್ತಾ, ಕಂಡದ್ದಕ್ಕೆಲ್ಲ ಬಾಜಿ ಕಟ್ಟುತ್ತಾ ಕಾಲ ತಳ್ಳುತ್ತಿರುತ್ತಾನೆ. ಕೈಯಲ್ಲಿ ಕಲೆ ಇದೆ, ತಲೆಗೆ ಲಗಾಮಿಲ್ಲ. ಆಟ ಕಲಿಯಲು ಬಂದ ಮಾಲಿ ಅನ್ನುವ ಮನಶ್ಶಾಸ್ತ್ರಜ್ಞೆಗೆ ಮನಸೋಲುತ್ತಾನೆ. ಅವಳ ಗೆಳೆಯ ಡೇವಿಡ್ ಸಿಮ್ಸ್ ಟೂರ್‌ನಲ್ಲಿ (ವೃತ್ತಿಪರರ ಟೂರ್ನಿಗಳ ಸರಣಿ) ದುಡ್ಡು ಮಾಡಿದ ಆಟಗಾರ, ಮೇಲಾಗಿ ಕಾಲೇಜಿನಲ್ಲಿ ಇವನ ಜೊತೆಗೇ ಆಡಿದವನು. ಆ ಹೊಟ್ಟೆಕಿಚ್ಚಿಗೆ ಯು.ಎಸ್. ಓಪನ್ ಆಡಲು ಹೊರಡುತ್ತಾನೆ. ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದಂತೆ. ಮೊದಲ ದಿನ 83 ಹೊಡೆತ, ಮಾನ ಹೋಯಿತು. ಎರಡನೇ ದಿನ 62, ದೇಶವೇ ಬಾಯಿ ಬಿಟ್ಟಿತು. ಹೀಗೇ ತೇಲುತ್ತಾ ಮುಳುಗುತ್ತಾ ಕೊನೆಯ ದಿನದ ಕೊನೆಯ ಹೋಲಿಗೆ (ಶುರು ಮಾಡುವ ಜಾಗದಿಂದ ಕುಳಿಯ ತನಕದ ಒಂದು ಹಂತಕ್ಕೆ ಹೋಲು ಅಂತಾರೆ) ಬಂದು ಗೆಲುವಿನ ಬಾಗಿಲಲ್ಲಿ ನಿಲ್ಲುತ್ತಾನೆ.

ಎದುರಿಗೆ ನೀರು. ನೀರಿನ ಆಚೆ ಗ್ರೀನ್, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗ. ಬ್ಯಾಗ್ ಹೊತ್ತು ಸಲಹೆ ಕೊಡುವ ಕ್ಯಾಡಿ ರೋಮಿಯೋ ಸುಮ್ನೆ ಈಚೆಗೇ ಹೊಡೆದು ನಿಲ್ಲಿಸು ಅಂತಾನೆ. ಇವನು ಕೇಳಲ್ಲ. ದೊಡ್ಡ ಕ್ಲಬ್ ಎತ್ತಿ ಬೀಸುತ್ತಾನೆ. ಚೆಂಡು ನೀರು ದಾಟಿ ಗ್ರೀನ್ ಮೇಲೆ ಬಿತ್ತು, ಜನ ಕುಣಿದರು, ಆಮೇಲೆ ಅದು ನಿಧಾನಕ್ಕೆ ಹಿಂದಕ್ಕೆ ಉರುಳಿ ಉರುಳಿ ಗುಳುಂ ಅಂತ ನೀರಿಗೆ ಹೋಯಿತು.

ಸರಿ, ಹಣೆಬರಹ. ಇಲ್ಲಿಯ ತನಕ ನನಗೂ ಅಯ್ಯೋ ಪಾಪ ಅನ್ನಿಸಿತ್ತು. ಆದರೆ ಈ ಪುಣ್ಯಾತ್ಮ ಅದೇ ಜಾಗದಲ್ಲಿ ಇನ್ನೊಂದು ಚೆಂಡು ಇಟ್ಟು ಅದೇ ಹೊಡೆತ ಹೊಡೆಯುತ್ತಾನೆ. ನೀರಿಗೆ. ಇನ್ನೊಂದು. ನೀರಿಗೆ. ಬ್ಯಾಗಿನಲ್ಲಿ ಒಂದೇ ಒಂದು ಚೆಂಡು ಉಳಿಯುವ ತನಕ ಇದೇ ಕಥೆ. ಆ ಕೊನೆಯದು ಮಾತ್ರ ನೇರ ಹೋಗಿ ಕುಳಿಯೊಳಗೆ ಬೀಳುತ್ತದೆ. ಆ ಹೋಲಿಗೆ 12 ಅಂತೆ. ಕಪ್ ಹೋಯಿತು. ಜನ ಮಾತ್ರ ಗೆದ್ದವನನ್ನು ಹೊತ್ತು ತಿರುಗುವವರ ಹಾಗೆ ಕಿರುಚುತ್ತಾರೆ. ನನ್ನ ತಂಗಿ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು!

ನನ್ನ ಪ್ರಶ್ನೆ ಇಷ್ಟೇ. ಅವನು ಗೆಲ್ಲಬಹುದಿತ್ತಲ್ವಾ? ಹಾಗಿದ್ದ ಮೇಲೆ ಈ ಚಪ್ಪಾಳೆ ಯಾತಕ್ಕೆ? ಇನ್ನೊಂದು, ನಾನು ಎಣಿಸಿದ ಹಾಗೆ ನೀರಿನ ಈಚೆಯಿಂದ ಹೊಡೆದದ್ದು ಆರು ಸಲ. ಮೊದಲ ಹೊಡೆತ ಸೇರಿಸಿದರೆ ಏಳು. 12 ಎಲ್ಲಿಂದ ಬಂತು? ಗಾಲ್ಫ್ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಏಳನೇಐರನ್:

ನಾನು ವಾರಕ್ಕೊಂದು ದಿನ ಆಡುವವನು, ಆಡುವುದಕ್ಕಿಂತ ಚೆಂಡು ಹುಡುಕುವುದೇ ಜಾಸ್ತಿ. ಹಾಗಾಗಿ ಈ ವಿಷಯದಲ್ಲಿ ನನ್ನ ಅನುಭವ ದೊಡ್ಡದು.

ಲೆಕ್ಕ ಮೊದಲು. ಚೆಂಡು ನೀರಿಗೆ ಬಿದ್ದರೆ ಒಂದು ಪೆನಾಲ್ಟಿ ಸ್ಟ್ರೋಕ್, ಅಂದರೆ ದಂಡದ ಹೊಡೆತ. ನೀವು ಹೊಡೆದದ್ದೂ ಲೆಕ್ಕಕ್ಕೆ ಬರುತ್ತದೆ, ದಂಡವೂ ಬರುತ್ತದೆ. ಮೊದಲ ಹೊಡೆತ ಸರಿಯಾಗಿ ಬಿತ್ತು, ಅದು 1. ಎರಡನೆಯದು ನೀರಿಗೆ, ದಂಡ ಸೇರಿ 3. ನಾಲ್ಕನೆಯದು ನೀರಿಗೆ, 5. ಆರನೆಯದು, 7. ಎಂಟನೆಯದು, 9. ಹತ್ತನೆಯದು, 11. ಆಮೇಲಿನದು ಒಳಗೆ ಬಿತ್ತು, 12. ನೀವು ಎಣಿಸಿದ್ದು ಸರಿಯಾಗಿಯೇ ಇದೆ. ಹೊಡೆದದ್ದು ಏಳು, ದಂಡ ಐದು.

ಈಗ ನಿಮ್ಮ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ನಿಮಗೆ ಸಿಟ್ಟು ಬಂದದ್ದು ಸರಿ, ಆದರೆ ಎಲ್ಲರೂ ಅದನ್ನು ತಪ್ಪು ಚೆಂಡಿನ ಮೇಲೆ ಹಾಕುತ್ತಾರೆ. ನೀರಿನ ಮೇಲಿಂದ ಹೊಡೆದ ಮೊದಲ ಚೆಂಡು ಹುಚ್ಚಾಟ ಅಲ್ಲ. ಅದು ಪಾರ್ 5 ಹೋಲು. ಅಂದರೆ ಒಳ್ಳೆಯ ಆಟಗಾರ ಐದು ಹೊಡೆತದಲ್ಲಿ ಮುಗಿಸಬೇಕು ಅಂತ ಲೆಕ್ಕ. ದೂರ ಹೊಡೆಯುವವರು ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟಲು ನೋಡುತ್ತಾರೆ. ನೀರಿನ ಈಚೆಗೇ ಹೊಡೆದು ನಿಲ್ಲಿಸಿಕೊಳ್ಳುವುದಕ್ಕೆ ಲೇ-ಅಪ್ ಅಂತಾರೆ. ಸಿಮ್ಸ್ ಮಾಡಿದ್ದು ಅದನ್ನೇ. ಸಿನಿಮಾ ಲೇ-ಅಪ್ ಮಾಡುವವನನ್ನು ಹೇಡಿಯ ಹಾಗೆ ತೋರಿಸುತ್ತದೆ, ಅದು ಸ್ವಲ್ಪ ಅನ್ಯಾಯ. ಆದರೆ ಲೇ-ಅಪ್ ಯಾವಾಗಲೂ ಬುದ್ಧಿವಂತಿಕೆ ಅನ್ನುವುದೂ ಸುಳ್ಳು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅನ್ನುವ ಪ್ರೊಫೆಸರ್ ಟೂರ್ ಆಟಗಾರರ ಒಂದೊಂದು ಹೊಡೆತದ ಲೆಕ್ಕ ತೆಗೆದು ಕೂತಿದ್ದರು. ಅವರ ಲೆಕ್ಕದಲ್ಲಿ, ಕುಳಿಗೆ ಹತ್ತಿರ ಹೋದಷ್ಟೂ ಸಾಮಾನ್ಯವಾಗಿ ಲಾಭವೇ. ಅಂದರೆ ಹೊಡೆಯುವ ತಾಕತ್ತು ಇರುವವನು ಹೊಡೆದದ್ದು ತಪ್ಪಲ್ಲ.

ತಪ್ಪು ಆಗಿದ್ದು ಎರಡನೇ ಚೆಂಡಿನಲ್ಲಿ. ನೀರಿಗೆ ಬಿದ್ದ ಮೇಲೆ ಅವನಿಗೆ ಎರಡು ದಾರಿ ಇತ್ತು. ಒಂದು, ಮೊದಲು ಹೊಡೆದ ಜಾಗದಿಂದಲೇ ಮತ್ತೆ ಹೊಡೆಯುವುದು. ಇನ್ನೊಂದು, ಮುಂದೆ ನಡೆದು ಹೋಗಿ ನೀರಿನ ಈ ದಡದ ಹತ್ತಿರ ಚೆಂಡು ಬಿಟ್ಟುಕೊಂಡು ಹೊಡೆಯುವುದು. ದಂಡ ಎರಡಕ್ಕೂ ಒಂದೇ. ಹತ್ತಿರ ಹೋಗಿದ್ದರೆ ಏನಾಗುತ್ತಿತ್ತು ನೋಡಿ. ದಂಡ ಸೇರಿ 3 ಆಗಿದೆ. ಅಲ್ಲಿಂದ, ಚೆಂಡನ್ನು ಎತ್ತರಕ್ಕೆ ಎಬ್ಬಿಸುವ ಕ್ಲಬ್ ಆದ ವೆಜ್‌ನಲ್ಲಿ ಸಣ್ಣ ಹೊಡೆತ, ಚೆಂಡು ಗ್ರೀನ್ ಮೇಲೆ, 4. ಪಟ್, ಅಂದರೆ ಗ್ರೀನ್ ಮೇಲೆ ಮೆಲ್ಲಗೆ ತಳ್ಳುವ ಹೊಡೆತ, ಒಳಗೆ ಹೋದರೆ 5. ಐದು ಅಂದರೆ ಪಾರ್! ಚೆಂಡನ್ನು ನೀರಿಗೆ ಹಾಕಿದ ಮೇಲೂ ಕಾರ್ಡಿನಲ್ಲಿ 5 ಬರೆಯುವ ದಾರಿ ತೆರೆದೇ ಇತ್ತು. ಪಟ್ ತಪ್ಪಿದ್ದರೂ 6. ಆ ಬಾಗಿಲನ್ನು ಅವನೇ ಒದ್ದು ಮುಚ್ಚಿದ.

ಇದನ್ನು ಲೆಕ್ಕ ಹಾಕಿದ ದಿನ ನನಗೂ ನಿಮ್ಮಷ್ಟೇ ಸಿಟ್ಟು ಬಂದಿತ್ತು. ಮಾರನೇ ವಾರ ಹೋಗಿ ನಾನೂ ಒಂದೇ ಜಾಗದಿಂದ ನಾಲ್ಕು ಚೆಂಡು ನೀರಿಗೆ ಹಾಕಿ ಬಂದೆ. ಅದು ಬೇರೆ ವಿಷಯ.

ಮಧ್ಯಂತರ:

ಲೆಕ್ಕ ಚೆನ್ನಾಗಿದೆ. ಆದರೆ ಸಿನಿಮಾ ಲೆಕ್ಕದ ಪುಸ್ತಕ ಅಲ್ಲವಲ್ಲ ಗುರು.

ಕಡೇಸಾಲು, ನಿಮಗೊಂದು ಪರೀಕ್ಷೆ. ನಿನ್ನೆ ರಾತ್ರಿ ತಾನೇ ನೋಡಿದ್ದೀರಿ. ಗೂಗಲ್ ಮಾಡದೆ ಹೇಳಿ, ಆ ಟೂರ್ನಿ ಗೆದ್ದವರು ಯಾರು?

ಕಡೇಸಾಲು:

ಸಿಮ್ಸ್ ಅಲ್ವಾ?

ಮಧ್ಯಂತರ:

ಅಲ್ಲ. ಪೀಟರ್ ಜಾಕಬ್ಸನ್. ಇದರಲ್ಲೇ ಉತ್ತರ ಇದೆ.

ಜಾಕಬ್ಸನ್ ನಿಜವಾದ ಆಟಗಾರ, ಸಿನಿಮಾದಲ್ಲಿ ತಮ್ಮದೇ ಹೆಸರಲ್ಲಿ ಬರುತ್ತಾರೆ. ನಿಜ ಜೀವನದಲ್ಲಿ ಅವರು ಮೇಜರ್ ಅನ್ನುವ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದನ್ನೂ ಗೆದ್ದಿಲ್ಲ. 2004ರಲ್ಲಿ ಹಿರಿಯರ ಯು.ಎಸ್. ಓಪನ್ ಗೆದ್ದರು, ಅದು ಬೇರೆ. ಸಿನಿಮಾದವರು ಪ್ರೀತಿಯಿಂದ ಆ ಮನುಷ್ಯನಿಗೆ ಒಂದು ಯು.ಎಸ್. ಓಪನ್ ಕೊಟ್ಟರು. ನೋಡಿದವರಿಗೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ಅವರ ಹೆಸರೇ ಮರೆತುಹೋಯಿತು! ರಾಯ್‌ನ 12 ಮಾತ್ರ ನೀವು ಇಲ್ಲಿ ಕೂತು ಬೆರಳು ಮಡಚಿ ಎಣಿಸುತ್ತಿದ್ದೀರಿ. ಕೊನೆಯಲ್ಲಿ ಮಾಲಿ ಅವನಿಗೆ ಸಮಾಧಾನ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಅವಳು ಅದನ್ನು ಬಾಯಲ್ಲಿ ಹೇಳುತ್ತಾಳೆ, ನಿರ್ದೇಶಕ ನಿಮ್ಮ ಮೇಲೇ ಪ್ರಯೋಗ ಮಾಡಿ ತೋರಿಸಿದ್ದಾನೆ.

ನಿರ್ದೇಶಕ ರಾನ್ ಶೆಲ್ಟನ್ ಬಗ್ಗೆ ಒಂದು ಮಾತು. ಸಿನಿಮಾಕ್ಕೆ ಬರುವ ಮುಂಚೆ ಬೇಸ್‌ಬಾಲ್ ಆಡುತ್ತಿದ್ದವನು. ಅದೂ ಮೇಲಿನ ಲೀಗಿನಲ್ಲಿ ಅಲ್ಲ, ಮೈನರ್ ಲೀಗಿನಲ್ಲಿ. ಬಸ್ಸಿನಲ್ಲಿ ಊರೂರು ತಿರುಗುತ್ತಾ ಇವತ್ತಲ್ಲ ನಾಳೆ ಕರೆ ಬರುತ್ತದೆ ಅಂತ ಕಾಯುವವರ ಲೋಕ ಅದು. ಕರೆ ಬಾರದ ಆಟಗಾರ ಹೇಗಿರುತ್ತಾನೆ ಅನ್ನುವುದು ಅವನಿಗೆ ಒಳಗಿನಿಂದ ಗೊತ್ತು. ಅಂಥವನು ಆಟದ ಸಿನಿಮಾ ಮಾಡಿದರೆ ಕೊನೆಯಲ್ಲಿ ಕಪ್ ಎತ್ತಿಸುವ ಆಸಕ್ತಿ ಇರುವುದಿಲ್ಲ. 1988ರಲ್ಲಿ ಇದೇ ಕಾಸ್ಟ್ನರ್‌ನನ್ನು ಇಟ್ಟುಕೊಂಡು ಅವನು ಮಾಡಿದ ಬೇಸ್‌ಬಾಲ್ ಸಿನಿಮಾದಲ್ಲೂ ಕಪ್ಪಿನ ಸುದ್ದಿ ಇಲ್ಲ.

ಇನ್ನೊಂದು ಗಮನಿಸಿ. ಈ ಕೊನೆಗೆ ಸಿನಿಮಾ ಮೊದಲಿನಿಂದಲೇ ನಮ್ಮನ್ನು ತಯಾರು ಮಾಡುತ್ತಾ ಬರುತ್ತದೆ. ಅರ್ಹತಾ ಸುತ್ತಿನಲ್ಲಿ ಕ್ಯಾಡಿ ಜೊತೆ ಜಗಳ ಆಡಿ ಕ್ಲಬ್ಬುಗಳನ್ನೆಲ್ಲ ಮುರಿದು ಹಾಕಿ, ಉಳಿದ ಒಂದೇ ಒಂದು ಏಳನೇ ಐರನ್ (ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್) ಹಿಡಿದು ಆಟ ಮುಗಿಸುತ್ತಾನಲ್ಲ, ಆವಾಗ ನಾವು ಬಿದ್ದು ಬಿದ್ದು ನಕ್ಕಿದ್ದೆವು. ಅದೂ ಹುಚ್ಚಾಟವೇ. ಆದರೆ ಅದು ಕೈ ಹಿಡಿಯಿತು, ಹಾಗಾಗಿ ನಮಗೆ ಸಿಟ್ಟು ಬರಲಿಲ್ಲ. ಕೊನೆಯದೂ ಅದೇ ಮನುಷ್ಯ, ಅದೇ ಹಟ. ಕೈ ಕೊಟ್ಟಿತು, ಅಷ್ಟೇ. ಅಲ್ಲಿ ನಕ್ಕವರು ಇಲ್ಲಿ ಬೈಯುವ ಹಾಗಿಲ್ಲ.

ನಿಧಾನಸ್ಥೆ:

ನಾನು ಬೈಯುತ್ತೇನೆ.

ಮಧ್ಯಂತರ ಅವರೇ, ನೀವು ಹೇಳಿದ್ದು ಕೇಳಲು ಚೆನ್ನಾಗಿದೆ. ಆದರೆ “ಜನ ನೆನಪಿಟ್ಟುಕೊಳ್ಳುತ್ತಾರೆ” ಅನ್ನುವುದು ನನಗೆ ಯಾವತ್ತೂ ಸಮಾಧಾನ ಅನ್ನಿಸಿಲ್ಲ. ಮನೆಗೆ ಬೆಂಕಿ ಹಚ್ಚಿಕೊಂಡವನನ್ನೂ ಜನ ನೆನಪಿಟ್ಟುಕೊಳ್ಳುತ್ತಾರೆ.

ನನ್ನ ತಕರಾರು ರಾಯ್ ಬಗ್ಗೆ ಅಲ್ಲ. ಅವನ ಜೀವನ, ಅವನ ಚೆಂಡು. ನನ್ನ ತಕರಾರು ರೋಮಿಯೋ ಪರವಾಗಿ. ಚೀಚ್ ಮರೀನ್ ಮಾಡಿದ ಪಾತ್ರ. ಅವನು ಬರೀ ಬ್ಯಾಗ್ ಹೊರುವವನಲ್ಲ. ರಾಯ್‌ಗೆ ಅವನೇ ಕ್ಯಾಡಿ, ಅವನೇ ಗುರು, ಅವನೇ ಗೆಳೆಯ. ರಾಯ್‌ನ ಕೈ ಇದ್ದಕ್ಕಿದ್ದಂತೆ ಕೆಟ್ಟು ಚೆಂಡು ಅಡ್ಡಡ್ಡ ಹಾರಲು ಶುರುವಾದಾಗ, ಟೊಪ್ಪಿ ತಿರುಗಿಸು, ಜೇಬು ಹೊರಗೆ ಎಳೆ, ಅದು ಮಾಡು ಇದು ಮಾಡು ಅಂತ ಒಂದರ ಮೇಲೊಂದು ಹುಚ್ಚು ಕೆಲಸ ಹೇಳಿ ಅವನ ತಲೆಯಿಂದ ಆ ಯೋಚನೆಯನ್ನೇ ಓಡಿಸುತ್ತಾನಲ್ಲ, ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು. ಮನಶ್ಶಾಸ್ತ್ರಜ್ಞೆ ಅಂತ ಬೋರ್ಡು ಮಾಲಿಗೆ, ಚಿಕಿತ್ಸೆ ಕೊಡುವವನು ರೋಮಿಯೋ.

ಟೂರ್‌ನಲ್ಲಿ ಆಟಗಾರ ಗೆದ್ದರೆ ಕ್ಯಾಡಿಗೆ ಬಹುಮಾನದಲ್ಲಿ ಸುಮಾರು ಹತ್ತು ಪರ್ಸೆಂಟ್ ಕೊಡುವುದು ವಾಡಿಕೆ. ಯು.ಎಸ್. ಓಪನ್ ಬಹುಮಾನದಲ್ಲಿ ಹತ್ತು ಪರ್ಸೆಂಟ್ ಅಂದರೆ ಅಂಥ ಬಡ ಕ್ಯಾಡಿಯ ದಿಕ್ಕೇ ಬದಲಾಗುವ ಮೊತ್ತ. ಅವನು ಲೇ-ಅಪ್ ಮಾಡು ಅಂದ. ವಾರವಿಡೀ ಅಂದ. ಅದೇ ಹೋಲಿನಲ್ಲಿ ಮುಂಚೆಯೂ ಅದೇ ನೀರಿಗೆ ಚೆಂಡು ಹಾಕಿ ಆಗಿತ್ತು, ಹಾಗಾಗಿ ಅವನ ಮಾತು ಬಾಯಿಗೆ ಬಂದದ್ದಲ್ಲ. ಕೊನೆಗೆ ಅವನ ಕೆಲಸ ಏನಾಯಿತು? ಒಂದೊಂದೇ ಚೆಂಡು ತೆಗೆದು ಕೊಡುವುದು. ತನ್ನ ಪಾಲಿನ ದುಡ್ಡನ್ನು ತಾನೇ ಎತ್ತಿ ಎತ್ತಿ ನೀರಿಗೆ ಹಾಕಲು ಕೊಟ್ಟ ಹಾಗೆ. ಆ ಚಪ್ಪಾಳೆಯಲ್ಲಿ ಇದರ ಬಗ್ಗೆ ಒಂದು ಮಾತಿಲ್ಲ. ಅವನೂ ಕುಣಿಯುತ್ತಾನೆ. ಅದನ್ನು ಮಾತ್ರ ನನಗೆ ನಂಬಲು ಆಗಲ್ಲ.

ಇನ್ನೊಂದು. ಇದು ಧೈರ್ಯ ಅಲ್ಲ, ಚಟ. ಬಾಜಿ ಕಟ್ಟುವವರನ್ನು ಹತ್ತಿರದಿಂದ ನೋಡಿದವರಿಗೆ ಆ ಮುಖ ಗೊತ್ತಿರುತ್ತದೆ. “ಇನ್ನೊಂದೇ ಒಂದು” ಅನ್ನುವ ಮುಖ. ಸಿನಿಮಾದಲ್ಲೇ ಅದು ಇದೆ ನೋಡಿ. ಯಾರು ಏಳನೇ ಐರನ್‌ನಲ್ಲಿ ದೂರ ಹೊಡೆಯುತ್ತಾರೆ ಅಂತ ಸಿಮ್ಸ್ ಜೊತೆ ಬಾಜಿ ಕಟ್ಟುತ್ತಾನೆ. ಸಿಮ್ಸ್ ತಿರುಗಿ ನಿಂತು ಡಾಂಬರು ರಸ್ತೆಯ ಮೇಲೆ ಹೊಡೆಯುತ್ತಾನೆ, ಚೆಂಡು ನಿಲ್ಲುವುದೇ ಇಲ್ಲ, ಓಡುತ್ತಲೇ ಇರುತ್ತದೆ. ಇವನ ಕಾರು ಹೋಯಿತು. ಅಲ್ಲಿ ನಾವು ನಕ್ಕೆವು ನಿಜ. ಅಂಥವನಿಗೆ ಕೊನೆಯ ಚೆಂಡು ಕುಳಿಗೆ ಬಿದ್ದದ್ದು ಒಳ್ಳೆಯದಾಯಿತಾ? ನನಗನ್ನಿಸುವುದು, ಅದು ಬೀಳದೇ ಹೋಗಿದ್ದರೆ ಸಿನಿಮಾ ಇನ್ನೂ ದೊಡ್ಡದಾಗುತ್ತಿತ್ತು. ಬೀಳಿಸಿದ್ದು ನಮ್ಮ ಸಮಾಧಾನಕ್ಕೆ.

ಹುಲ್ಲುಗರಿ:

ನಿಧಾನಸ್ಥೆ ಅವರೇ, ಕೊನೆಯ ಮಾತಿಗೆ ಮಾತ್ರ ಒಪ್ಪಿಗೆ ಇಲ್ಲ. ಈ ಘಟನೆ ಪೂರ್ತಿ ಕಟ್ಟುಕಥೆ ಅಲ್ಲ, ಹಿಂದೆ ಒಂದು ನಿಜವಾದ ಕಥೆ ಇದೆ, ಅಲ್ಲೂ ಆಟ ಒಂದು ಕೊನೆ ಕಂಡಿದೆ.

ಗ್ಯಾರಿ ಮೆಕಾರ್ಡ್ ಅಂತ ಒಬ್ಬ ಟೂರ್ ಆಟಗಾರ. ಆಮೇಲೆ ಟಿವಿಯಲ್ಲಿ ಕಾಮೆಂಟರಿ ಹೇಳಿ ಹೆಸರು ಮಾಡಿದವರು, ಈ ಸಿನಿಮಾದಲ್ಲೂ ಕಾಮೆಂಟೇಟರ್ ಆಗಿಯೇ ಕಾಣಿಸಿಕೊಂಡಿದ್ದಾರೆ. 1980ರ ದಶಕದಲ್ಲಿ ಮೆಂಫಿಸ್‌ನ ಟೂರ್ನಿಯೊಂದರಲ್ಲಿ ಅವರು ಹೀಗೇ ನೀರಿನ ಎದುರು ನಿಂತು, ಒಂದಾದ ಮೇಲೊಂದು ಚೆಂಡು ಮುಳುಗಿಸಿ, ಆ ಒಂದು ಹೋಲಿಗೆ 16 ಮಾಡಿಕೊಂಡರು. ಹದಿನಾರು! ಸಿನಿಮಾದವರು ಕರುಣೆ ತೋರಿಸಿ 12ಕ್ಕೆ ಇಳಿಸಿದ್ದಾರೆ.

ಸಿನಿಮಾ ಬಂದ ಮೇಲೆ ಆದದ್ದು ಇನ್ನೂ ಮಜಾ. 1998ರಲ್ಲಿ ಬೇ ಹಿಲ್ ಟೂರ್ನಿಯ ಆರನೇ ಹೋಲು. ಕೆರೆಯನ್ನು ಸುತ್ತಿಕೊಂಡು ಹೋಗುವ ಪಾರ್ 5. ಜಾನ್ ಡೇಲಿ ಕೆರೆಯ ಮೇಲಿಂದಲೇ ಹೊಡೆಯುತ್ತೇನೆ ಅಂತ ನಿಂತು ಆರು ಚೆಂಡು ನೀರಿಗೆ ಹಾಕಿದರು. ಕಾರ್ಡಿನಲ್ಲಿ 18. ಡೇಲಿ ಯಾರೋ ದಾರಿಹೋಕ ಅಲ್ಲ, ಅಷ್ಟರಲ್ಲಿ ಎರಡು ಮೇಜರ್ ಗೆದ್ದಿದ್ದವರು. 1991ರ ಪಿಜಿಎ ಚಾಂಪಿಯನ್‌ಶಿಪ್‌ಗೆ ಕೊನೆಯ ಗಳಿಗೆಯಲ್ಲಿ ಬದಲಿ ಆಟಗಾರನಾಗಿ ಬಂದು ಗೆದ್ದದ್ದೇ ಅವರ ಕಥೆ. ರಾಯ್ ಮೆಕವಾಯ್‌ಗೆ ನಿಜ ಜೀವನದ ಅಣ್ಣ ಅಂತ ಇದ್ದರೆ ಇವರೇ.

2018ರ ಮಾಸ್ಟರ್ಸ್. ಹಿಂದಿನ ವರ್ಷ ಗೆದ್ದ ಸರ್ಜಿಯೋ ಗಾರ್ಸಿಯಾ ಮೊದಲನೇ ದಿನವೇ 15ನೇ ಹೋಲಿನಲ್ಲಿ ಐದು ಚೆಂಡು ನೀರಿಗೆ ಹಾಕಿ 13 ಮಾಡಿಕೊಂಡರು. ಇಲ್ಲಿ ಒಂದು ಸೂಕ್ಷ್ಮ ಇದೆ. ಗಾರ್ಸಿಯಾ ಹಟ ಮಾಡಲಿಲ್ಲ. ಮೊದಲ ಚೆಂಡು ಹೋದ ಮೇಲೆ ಮುಂದೆ ಹೋಗಿ, ಏಳನೇಐರನ್ ಹೇಳಿದ ಹಾಗೆ ವೆಜ್ ಹಿಡಿದು ಬುದ್ಧಿವಂತರ ದಾರಿಯಲ್ಲೇ ಆಡಿದರು. ಚೆಂಡು ಗ್ರೀನ್ ಮೇಲೆ ಬೀಳುವುದು, ಹಿಂದಕ್ಕೆ ಉರುಳಿ ನೀರಿಗೆ ಹೋಗುವುದು, ಮತ್ತೆ ಬೀಳುವುದು, ಮತ್ತೆ ಉರುಳುವುದು. ಬುದ್ಧಿವಂತರ ದಾರಿಯಲ್ಲಿ 13. ಹಟಮಾರಿಯ ದಾರಿಯಲ್ಲಿ 12. ಇದಕ್ಕೆ ಏನಂತೀರಿ ಏಳನೇಐರನ್?

ಏಳನೇಐರನ್:

ಹೊಟ್ಟೆಗೆ ಹಾಕಿಕೊಳ್ಳಿ ಅಂತೀನಿ. ಒಂದು ಸಲ ಉಲ್ಟಾ ಹೊಡೆದರೆ ಲೆಕ್ಕ ಸುಳ್ಳಾಗಲ್ಲ.

ಆದರೆ ನೀವು ವ್ಯಾನ್ ಡಿ ವೆಲ್ಡೆ ಬಿಟ್ಟಿರಿ! ಈ ಚರ್ಚೆಗೆ ಅವನಿಲ್ಲದೆ ಹೇಗೆ?

1999, ಸ್ಕಾಟ್ಲೆಂಡಿನ ಕಾರ್ನೂಸ್ಟಿ, ಬ್ರಿಟಿಷರ ಓಪನ್. ಕೊನೆಯ ಹೋಲಿಗೆ ಬಂದಾಗ ಫ್ರಾನ್ಸಿನ ಜಾನ್ ವ್ಯಾನ್ ಡಿ ವೆಲ್ಡೆ ಮೂರು ಸ್ಟ್ರೋಕ್ ಮುಂದೆ ಇದ್ದ. ಅದು ಪಾರ್ 4. ಅವನು 6 ಮಾಡಿದರೂ ಕಪ್ ಅವನದೇ. ಆರು! ಸಣ್ಣ ಸಣ್ಣದಾಗಿ ತಟ್ಟಿಕೊಂಡು ಹೋದರೂ ಸಾಕಿತ್ತು. ಅವನು ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ತೆಗೆದ. ಚೆಂಡು ಪಕ್ಕಕ್ಕೆ ಹೋಯಿತು, ಆದರೂ ಒಳ್ಳೆಯ ಜಾಗದಲ್ಲಿ ನಿಂತಿತು. ಅಲ್ಲಿಂದಾದರೂ ಸುಮ್ಮನೆ ಈಚೆಗೆ ಇಟ್ಟುಕೊಳ್ಳಬೇಕೋ ಬೇಡವೋ. ಎರಡನೇ ಐರನ್‌ನಲ್ಲಿ ಗ್ರೀನ್‌ಗೇ ಹೊಡೆದ. ಅದು ಪ್ರೇಕ್ಷಕರ ಸ್ಟ್ಯಾಂಡಿನ ಕಂಬಿಗೆ ಬಡಿದು, ಅಲ್ಲಿಂದ ಹಳ್ಳದ ಕಲ್ಲಿನ ಗೋಡೆಗೆ ಬಡಿದು, ಹಿಂದಕ್ಕೆ ಹಾರಿ ಉದ್ದ ಹುಲ್ಲಿನಲ್ಲಿ ಬಿತ್ತು. ಮುಂದಿನ ಹೊಡೆತ ಹಳ್ಳದ ನೀರಿಗೆ. ಆಮೇಲೆ ನಡೆದದ್ದು ಚಿತ್ರದಂತಿದೆ. ಬೂಟು, ಕಾಲುಚೀಲ ಬಿಚ್ಚಿ, ಪ್ಯಾಂಟು ಮೇಲಕ್ಕೆ ಮಡಚಿ, ಹಳ್ಳಕ್ಕಿಳಿದು ಸೊಂಟದ ಮೇಲೆ ಕೈಯಿಟ್ಟು ನಿಂತ. ನೀರಿನೊಳಗಿಂದಲೇ ಹೊಡೆಯಲೋ ಬೇಡವೋ ಅಂತ ಯೋಚನೆ. ನಿಂತಲ್ಲೇ ಚೆಂಡು ಇನ್ನಷ್ಟು ಮುಳುಗಿತು. ಕೊನೆಗೆ ದಂಡ ಕಟ್ಟಿ, ಮರಳಿನ ಬಂಕರಿಗೆ ಹೊಡೆದು, ಅಲ್ಲಿಂದ ಎತ್ತಿ, ಪಟ್ ಹಾಕಿ 7. ಮುನ್ನಡೆ ಹೋಗಿ ಸಮ ಆಯಿತು. ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದ.

ಮಧ್ಯಂತರ ಹೇಳಿದ ಪರೀಕ್ಷೆ ಇಲ್ಲೂ ಪಾಸಾಗುತ್ತದೆ ಅನ್ನುವುದೇ ಬೇಜಾರು. ಲಾರಿ ಆ ದಿನ ಹತ್ತು ಸ್ಟ್ರೋಕ್ ಹಿಂದಿನಿಂದ ಬಂದು ಗೆದ್ದವನು, ಸಣ್ಣ ಸಾಧನೆ ಅಲ್ಲ. ಎಲ್ಲರ ಕಣ್ಣಲ್ಲಿ ನಿಂತದ್ದು ಮಾತ್ರ ಹಳ್ಳದಲ್ಲಿ ನಿಂತ ಫ್ರೆಂಚ್ ಮನುಷ್ಯ. ಅದೇ ವರ್ಷ ಒಂದು ಜಾಹೀರಾತಿಗೆ ಅವನು ಆ ಹೋಲಿಗೇ ವಾಪಸು ಹೋಗಿ ಬರೀ ಪಟರ್ ಒಂದರಲ್ಲೇ ಆಡಿ, ಮೂರನೇ ಪ್ರಯತ್ನಕ್ಕೆ 6 ಮಾಡಿ ತೋರಿಸಿದ. ಪಟರ್! ಕುಳಿಯ ಹತ್ತಿರ ಚೆಂಡು ಮೆಲ್ಲಗೆ ತಳ್ಳುವ ಕಡ್ಡಿ ಅದು. ಹಾಗೆ ಆಡಿದ್ದರೂ ಕಪ್ ಬರುತ್ತಿತ್ತು.

ನನ್ನ ಪಾಯಿಂಟು ಇಷ್ಟೇ. ವ್ಯಾನ್ ಡಿ ವೆಲ್ಡೆಗೆ ಯಾರೂ ಕುಣಿದು ಚಪ್ಪಾಳೆ ಹೊಡೆಯಲಿಲ್ಲ. ಯಾಕೆ? ಅವನ ಕೊನೆಯ ಚೆಂಡು ಇನ್ನೂರು ಗಜದಾಚೆಯಿಂದ ಹಾರಿ ಬಂದು ಕುಳಿಗೆ ಬೀಳಲಿಲ್ಲ. ನಿಧಾನಸ್ಥೆ ಹೇಳಿದ್ದು ಅಲ್ಲಿಗೆ ಸರಿ. ಆ ಒಂದು ಹೊಡೆತವನ್ನು ತೆಗೆದುಬಿಟ್ಟರೆ ರಾಯ್ ನಗೆಪಾಟಲು.

ಮಧ್ಯಂತರ:

ತೆಗೆದುಬಿಟ್ಟರೆ ಸಿನಿಮಾವೇ ಇಲ್ಲ ಮಾರಾಯ್ರೆ.

ರೋಮಿಯೋ ವಿಷಯಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಇಷ್ಟು ವರ್ಷದಲ್ಲಿ ನಾಲ್ಕೈದು ಸಲ ನೋಡಿದ್ದೇನೆ, ಆ ಹತ್ತು ಪರ್ಸೆಂಟ್ ಒಂದು ಸಲವೂ ತಲೆಗೆ ಬಂದಿರಲಿಲ್ಲ. ಹಾಳಾದದ್ದು, ಇನ್ನು ಮೇಲೆ ನೋಡುವಾಗ ಅದೇ ಕಾಣುತ್ತದೆ. ಒಂದು ಸಮಾಧಾನ ಅಂದರೆ, 12 ಮಾಡಿಯೂ ಅವನು ಮೊದಲ ಹದಿನೈದರೊಳಗೆ ಉಳಿಯುತ್ತಾನೆ, ಮುಂದಿನ ವರ್ಷದ ಓಪನ್‌ಗೆ ಅರ್ಹತಾ ಸುತ್ತು ಇಲ್ಲದೆ ನೇರ ಪ್ರವೇಶ. ರೋಮಿಯೋಗೆ ಇನ್ನೊಂದು ವರ್ಷದ ಕೆಲಸವಂತೂ ಇದೆ.

ಕಡೇಸಾಲು:

ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಇವತ್ತು ಸಂಜೆ ಆ ಕೊನೆಯ ಭಾಗವನ್ನು ಮಾತ್ರ ಮತ್ತೆ ಹಾಕಿಕೊಂಡು ನೋಡಿದೆ. ಏಳನೇಐರನ್ ಹೇಳಿದ ಹಾಗೆ ಎರಡನೇ ಚೆಂಡಿನ ಹತ್ತಿರ ನಿಲ್ಲಿಸಿ, ತಂಗಿಗೆ “ನೋಡು, ಇಲ್ಲಿಂದ ಮುಂದೆ ನಡೆದಿದ್ದರೆ 5 ಆಗುತ್ತಿತ್ತು” ಅಂತ ಲೆಕ್ಕ ಹೇಳಿದೆ. ಅವಳು ರಿಮೋಟ್ ಕಿತ್ತುಕೊಂಡಳು.

ಸಿಟ್ಟು ಪೂರ್ತಿ ಹೋಗಿಲ್ಲ, ಜಾಗ ಬದಲಾಗಿದೆ. ಮೊದಲ ಹೊಡೆತಕ್ಕೆ ಈಗ ಸಿಟ್ಟಿಲ್ಲ. ಎರಡನೆಯದಕ್ಕೆ ಬಹಳ ಇದೆ. ಮೂರು ನಾಲ್ಕಕ್ಕೆ ಬರುವಷ್ಟರಲ್ಲಿ ಅವನು ಆ ಕಪ್ಪನ್ನು ಮರೆತೇ ಬಿಟ್ಟಿದ್ದಾನೆ ಅನ್ನಿಸಿತು. ಆ ಹೊಡೆತ ಒಂದು ಸಲ ಸರಿ ಬೀಳಬೇಕು, ಅದು ಬಿಟ್ಟು ಅವನಿಗೆ ಬೇರೇನೂ ಕಾಣುತ್ತಿಲ್ಲ. ಚೆಂಡು ಕುಳಿಗೆ ಬಿದ್ದ ಮೇಲೆ ಕುಣಿದು, ಆಮೇಲೆ ತಾನು ಏನು ಕಳೆದುಕೊಂಡೆ ಅನ್ನುವುದು ಅವನಿಗೆ ಹೊಳೆಯುತ್ತದಲ್ಲ, ನಿನ್ನೆ ಸಿಟ್ಟಿನಲ್ಲಿ ನಾನು ಅದನ್ನು ನೋಡಿರಲೇ ಇಲ್ಲ. ಪಾಪ ಅನ್ನಿಸಿತು. ಸ್ವಲ್ಪ.

ಈಗ ಹೊಸ ಸಂಶಯ. ಕೊನೆಯ ಚೆಂಡೂ ನೀರಿಗೆ ಬಿದ್ದಿದ್ದರೆ? ಬ್ಯಾಗಿನಲ್ಲಿ ಚೆಂಡು ಮುಗಿದರೆ ಆಟ ಮುಗಿಯಿತು ಅನ್ನುವ ಹಾಗೆ ತೋರಿಸುತ್ತಾರೆ. ನಿಜವಾಗಲೂ ಹಾಗೆ ರೂಲ್ಸ್ ಇದೆಯಾ, ಅಥವಾ ಸುಮ್ನೆ ಸಿನಿಮಾ ಬಿಗಿ ಮಾಡುವುದಕ್ಕಾ?

ಹುಲ್ಲುಗರಿ:

ಅರ್ಧ ನಿಜ. ಚೆಂಡು ಮುಗಿದರೆ ಬೇರೆಯವರ ಹತ್ತಿರ ಕೇಳಿ ಪಡೆಯಬಹುದು, ಅದಕ್ಕೆ ಅಡ್ಡಿ ಇಲ್ಲ. ಆದರೆ ದೊಡ್ಡ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಯಾವ ಕಂಪನಿಯ ಯಾವ ಮಾಡೆಲ್ ಚೆಂಡಿನಲ್ಲಿ ಶುರು ಮಾಡಿದಿರೋ ಅದೇ ಮಾಡೆಲ್‌ನಲ್ಲೇ ಸುತ್ತು ಮುಗಿಸಬೇಕು. ಹಾಗಾಗಿ ಸಿಕ್ಕ ಸಿಕ್ಕವರ ಚೆಂಡು ನಡೆಯಲ್ಲ. ಹೋಲು ಮುಗಿಸದೇ ಹೋದರೆ ಔಟ್. ಇದು ಕಥೆಯಲ್ಲ, 2019ರ ಟರ್ಕಿಷ್ ಏರ್‌ಲೈನ್ಸ್ ಓಪನ್‌ನಲ್ಲಿ ಎಡ್ಡಿ ಪೆಪ್ಪೆರೆಲ್ ನಿಜವಾಗಲೂ ಚೆಂಡು ಮುಗಿದು ಮನೆಗೆ ಹೋದರು.

ಟೈಗರ್ ವುಡ್ಸ್‌ಗೂ ಆಗುವುದರಲ್ಲಿತ್ತು. 2000ದ ಯು.ಎಸ್. ಓಪನ್, ಪೆಬಲ್ ಬೀಚ್. ಎರಡನೇ ಸುತ್ತಿನ ಕೊನೆಯ ಹೋಲಿನಲ್ಲಿ ಚೆಂಡನ್ನು ಸಮುದ್ರಕ್ಕೆ ಹೊಡೆದರು. ಬ್ಯಾಗಿನಲ್ಲಿ ಉಳಿದದ್ದು ಒಂದೇ. ಕ್ಯಾಡಿ ಸ್ಟೀವ್ ವಿಲಿಯಮ್ಸ್‌ಗೆ ಅದು ಗೊತ್ತು, ಟೈಗರ್‌ಗೆ ಗೊತ್ತಿಲ್ಲ! ಬಾಯಿ ಬಿಡುವ ಹಾಗೂ ಇಲ್ಲ. ಆ ಕ್ಯಾಡಿಯ ಹೊಟ್ಟೆಯಲ್ಲಿ ಏನಾಗಿರಬೇಕು ಯೋಚಿಸಿ. ಟೈಗರ್ ಆ ಟೂರ್ನಿಯನ್ನು 15 ಸ್ಟ್ರೋಕ್‌ನಿಂದ ಗೆದ್ದರು.

ನಿಧಾನಸ್ಥೆ:

ನೋಡಿದಿರಾ, ಅಲ್ಲೂ ಕ್ಯಾಡಿಯ ಹೊಟ್ಟೆಯೇ ಉರಿದದ್ದು.

ಕಡೇಸಾಲು:

ಹಾಗಾದರೆ ಕೊನೆಯದೂ ಮುಳುಗಿದ್ದರೆ, ಪಕ್ಕದಲ್ಲಿ ಜೊತೆಗೆ ಆಡುತ್ತಿದ್ದವನು ಸಿಮ್ಸ್ ಒಬ್ಬನೇ ಅಲ್ವಾ? ಇಬ್ಬರದೂ ಒಂದೇ ಮಾಡೆಲ್ ಚೆಂಡು ಅಂತ ಇಟ್ಟುಕೊಳ್ಳಿ. ಸಿಮ್ಸ್ ಕೊಡುತ್ತಿದ್ದನಾ?

ಏಳನೇಐರನ್:

ಕೊಡುತ್ತಿದ್ದ. ಅದರ ಮೇಲೂ ಬಾಜಿ ಕಟ್ಟಿಸಿಕೊಂಡು.